ಲೆಕ್ಕಕ್ಕೆ ಸಿಕ್ಕ ಚಿತ್ರ

ಈ ಅಂಕಣದಲ್ಲಿ ಲೆಕ್ಕದ ಮಾತೆತ್ತಿದರೆ ಅರ್ಧ ಮಂದಿ ವಾಚಕರು ಹಾಳೆ ಮಗುಚಿ ಅಡುಗೆಯ ಪುಟಕ್ಕೆ ಹೋಗಿಬಿಡುವರೆಂಬುದನ್ನು ನಾವು ಬಲ್ಲೆವು. ಚಿತ್ರಕಲೆಯ, ಅದರಲ್ಲೂ ನವ್ಯ ಚಿತ್ರಕಲೆಯ ಮಾತೆತ್ತಿದರೆ ಉಳಿದರ್ಧ ಮಂದಿಯೂ ಅವರನ್ನೇ ಹಿಂಬಾಲಿಸುವರು. ಆದರೂ ಈ ಸಲ ಎರಡನ್ನೂ ಒಟ್ಟಿಗೆ ಎತ್ತುವ ಧೈರ್ಯ ಮಾಡಿದ್ದೇವೆ.

ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಸಂಸಾರಗಳಲ್ಲಿ ಮಕ್ಕಳ ಓದೆಂದರೆ ಆಸ್ತಿ. ಊರಿನ ಹೊಲಮನೆಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಮುಂಬಯಿಗೋ ದೆಹಲಿಗೋ ಬಂದವರಿಗೆ ಬೇರೆ ಆಸ್ತಿ ಎಲ್ಲಿಂದ ಬರಬೇಕು? ಆದುದರಿಂದಲೇ ಮಗು ಒಂಬತ್ತನೆಯ ತರಗತಿಗೆ ಕಾಲಿಡುತ್ತಲೂ ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ಅಟ್ಟವಿಲ್ಲದ ಮನೆಯಾದರೆ ಮಂಚದಡಿ. ಲೆಕ್ಕ ಬರುವ ಮಕ್ಕಳೆಂದೂ ಚಿತ್ರ ಬರೆಯುವ ಮಕ್ಕಳೆಂದೂ ಎರಡು ಜಾತಿ ಮಾಡಿ, ಒಂದನ್ನು ಟ್ಯೂಷನ್ನಿಗೆ ಕಳುಹಿಸಿ ಇನ್ನೊಂದಕ್ಕಾಗಿ ನಿಟ್ಟುಸಿರು ಬಿಡುವುದು ವಾಡಿಕೆಯಾಗಿದೆ. ಈ ವಿಂಗಡಣೆಯನ್ನು ನಂಬುವವರು ಹಾಲೆಂಡಿನ ಒಬ್ಬ ಚಿತ್ರಕಾರನ ವಿಷಯವನ್ನೂ ಅಮೆರಿಕದ ಒಬ್ಬ ಗೃಹಿಣಿಯ ವಿಷಯವನ್ನೂ ತುಸು ಕೇಳಬೇಕು.

ಚಿತ್ರಕಾರನ ಹೆಸರು ಮೌರಿಟ್ಸ್ ಕಾರ್ನೆಲಿಸ್ ಎಶರ್. ಹುಟ್ಟಿದುದು 1898ರಲ್ಲಿ. ತಂದೆ ಸಿವಿಲ್ ಎಂಜಿನಿಯರು. ಮಗನಿಗೆ ಮಾತ್ರ ಶಾಲೆ ಒಗ್ಗಲಿಲ್ಲ. ಪ್ರೌಢಶಾಲೆಯ ಕಡೆಯ ಪರೀಕ್ಷೆಯಲ್ಲಿ ನಪಾಸಾದನು. ಕಟ್ಟಡ ಕಟ್ಟುವ ವಿದ್ಯೆಯನ್ನಾದರೂ ಕಲಿಯಲೆಂದು 1919ರಲ್ಲಿ ಹಾರ್ಲೆಂ ಎಂಬ ಊರಿನ ಶಾಲೆಗೆ ಹಾಕಿದರು. ಅಲ್ಲಿ ಡ ಮೆಸ್ಕೀಟ ಎಂಬ ಉಪಾಧ್ಯಾಯನು ಈತನ ರೇಖೆಗಳನ್ನು ನೋಡಿ, ಇವನು ಅಚ್ಚುಚಿತ್ರ ಕಲಿಯತಕ್ಕವನು ಎಂದು ತನ್ನ ಬಳಿಗೆ ಎಳೆದುಕೊಂಡನು. ಮರದ ಹಲಗೆಯನ್ನು ಉಳಿಯಿಂದ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತುವ ಕಲೆ ಅದು. ತಂದೆ ಅಡ್ಡಿಮಾಡಲಿಲ್ಲ. ಮುಂದೆ ಎಷ್ಟೋ ವರ್ಷ ಹಣದ ನೆರವನ್ನೂ ಕೊಟ್ಟನು. ಈ ಕಥೆಯಲ್ಲಿ ತಂದೆಗೆ ಸಲ್ಲಬೇಕಾದ ಮರ್ಯಾದೆ ಸಾಮಾನ್ಯವಾಗಿ ಸಲ್ಲುವುದಿಲ್ಲವೆಂದು ನಮ್ಮ ಅಭಿಪ್ರಾಯ.

ಎಶರನು ಇಟಲಿಯಲ್ಲಿ ಸುಮಾರು ಹನ್ನೆರಡು ವರ್ಷವಿದ್ದು ಬೆಟ್ಟ, ಕಣಿವೆ, ಹಳ್ಳಿಗಳನ್ನು ಕೆತ್ತುತ್ತಿದ್ದನು. ಮುಸೊಲಿನಿಯ ಆಡಳಿತದಲ್ಲಿ ಉಸಿರುಗಟ್ಟಿದಂತಾಗಿ 1935ರಲ್ಲಿ ಸಂಸಾರಸಹಿತ ಅಲ್ಲಿಂದ ಹೊರಟನು. ಮರುವರ್ಷ ಒಂದು ಹಡಗು ಕಂಪನಿಗೆ ತನ್ನ ಚಿತ್ರಗಳನ್ನು ಕೊಟ್ಟು, ಅದಕ್ಕೆ ಬದಲಾಗಿ ಹೆಂಡತಿಯೊಡನೆ ಸಮುದ್ರಯಾನ ಮಾಡಿ ಸ್ಪೇನಿನ ಗ್ರನಾಡ ನಗರಕ್ಕೆ ಬಂದನು. ಅಲ್ಲಿಯ ಅಲ್‌ಹಾಂಬ್ರಾ ಅರಮನೆಯನ್ನು ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಮುಸಲ್ಮಾನ ದೊರೆಗಳು ಕಟ್ಟಿಸಿದರು. ಅದರ ಗೋಡೆಗಳ ಮೇಲೆ ಬಣ್ಣದ ಬಿಲ್ಲೆಗಳ ನಮೂನೆಗಳಿವೆ: ಬಿಲ್ಲೆಗೆ ಬಿಲ್ಲೆ ಕೂಡಿಕೊಂಡು, ನಡುವೆ ಕೂದಲೆಳೆಯಷ್ಟೂ ಸಂದು ಬಿಡದೆ, ಎಲ್ಲಿಯವರೆಗೆ ಬೇಕಾದರೂ ಹಬ್ಬಬಲ್ಲ ನಮೂನೆಗಳು. ಗಂಡಹೆಂಡಿರಿಬ್ಬರೂ ಕುಳಿತು ದಿನವೆಲ್ಲ ಅವನ್ನು ಕಾಗದಕ್ಕೆ ಇಳಿಸಿಕೊಂಡರು. ಎಶರನಿಗೆ ಒಂದೇ ಕೊರತೆ ಕಂಡಿತು. ಆ ಕುಶಲಕರ್ಮಿಗಳು ಬರೆದುದೆಲ್ಲ ನಕ್ಷತ್ರ, ಪಟ್ಟಿ, ಕೋನಗಳು. ಅಲ್ಲಿ ಒಂದು ಹಕ್ಕಿಯಿಲ್ಲ, ಮೀನಿಲ್ಲ. ಹಕ್ಕಿಯೊಂದರ ರೆಕ್ಕೆಯ ಅಂಚೇ ಪಕ್ಕದ ಹಕ್ಕಿಯ ಬೆನ್ನಿನ ಅಂಚೂ ಆಗುವಂತೆ ಜೋಡಿಸಲು ಬಂದೀತೆ?

ಕುಳಿತು ಮಾಡಿ ನೋಡಿದಾಗ ಅದೆಷ್ಟು ಕಷ್ಟವೆಂಬುದು ತಿಳಿಯಿತು. 1937ರಲ್ಲಿ ತನ್ನ ಕೆಲವು ಪ್ರಯತ್ನಗಳನ್ನು ಅಣ್ಣ ಬೆರೆಂಡನಿಗೆ ತೋರಿಸಿದನು. ಈತ ಬೇರೆ ತಾಯಿಯ ಮಗ. ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. ಹರಳುಗಳೊಳಗಿನ ಜೋಡಣೆಯನ್ನು ಬಲ್ಲವನಾದುದರಿಂದ, ತಮ್ಮ ಗೊತ್ತಿಲ್ಲದೆಯೇ ತನ್ನ ಶಾಸ್ತ್ರದೊಳಗೆ ಕಾಲಿಟ್ಟಿದ್ದಾನೆಂದು ನೋಡುತ್ತಲೇ ಗುರುತು ಹಿಡಿದನು. ಓದಬೇಕಾದ ಲೇಖನಗಳ ಒಂದು ಪಟ್ಟಿಯನ್ನೂ ಕೊಟ್ಟನು. ಅವುಗಳಲ್ಲಿ ಹಂಗೆರಿಯ ಗಣಿತಜ್ಞ ಪೋಲ್ಯ 1924ರಲ್ಲಿ ಬರೆದುದೊಂದು ಲೇಖನವಿತ್ತು. ಎಶರನಿಗೆ ಅದರ ಲೆಕ್ಕ ತಲೆಗೆ ಹತ್ತಲಿಲ್ಲ, ಚಿತ್ರಗಳು ಹತ್ತಿದವು. ಲೇಖನದಲ್ಲಿದ್ದ 17 ನಮೂನೆಗಳನ್ನೂ ತನ್ನ ಪುಸ್ತಕಕ್ಕೆ ಕೈಯಾರೆ ಇಳಿಸಿಕೊಂಡನು.

ಹದಿನೇಳು ಎಂಬ ಈ ಸಂಖ್ಯೆಯ ಮುಂದೆ ತುಸು ನಿಲ್ಲೋಣ. ಸೀರೆಯ ಒಡಲನ್ನೋ ಜಮಖಾನವನ್ನೋ ಹಾಸಿಕೊಂಡು ನೋಡಿ. ಒಂದು ಬುಟ್ಟ ಅಡ್ಡಲಾಗಿಯೂ ಉದ್ದಲಾಗಿಯೂ ಮತ್ತೆ ಮತ್ತೆ ಬರುತ್ತದೆ. ಹೀಗೆ ಮತ್ತೆ ಬರಲು ಅದಕ್ಕೆ ಇರುವ ದಾರಿಗಳು ನಾಲ್ಕೇ. ಇದ್ದಂತೆಯೇ ಸರಿಯಬಹುದು, ಒಂದು ಬಿಂದುವಿನ ಸುತ್ತ ತಿರುಗಬಹುದು, ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳಬಹುದು, ಇಲ್ಲವೆ, ಒದ್ದೆ ನೆಲದ ಮೇಲೆ ನಡೆದವರ ಎಡಹೆಜ್ಜೆ ಬಲಹೆಜ್ಜೆಗಳ ಗುರುತಿನಂತೆ, ಮಗುಚಿಕೊಳ್ಳುತ್ತ ಮುಂದಕ್ಕೆ ಸರಿಯಬಹುದು. ಈ ನಾಲ್ಕನ್ನು ಬೆರೆಸಿ ಬಯಲೆಲ್ಲ ತುಂಬುವ ನಮೂನೆಗಳನ್ನು ಎಷ್ಟು ವಿಧವಾಗಿ ಮಾಡಬಹುದು? ಬಣ್ಣದ ಭೇದವನ್ನು ಬಿಟ್ಟರೆ 17 ವಿಧ, ಅಷ್ಟೇ. ರಷ್ಯದ ಫ್ಯೊದರೊವ್ 1891ರಲ್ಲಿಯೇ ಇದನ್ನು ಸಾಧಿಸಿ ತೋರಿಸಿದ್ದನು. ಹೂವು ಬೇರೆ, ಬಳ್ಳಿ ಬೇರೆ, ನವಿಲು ಬೇರೆ ಇರಬಹುದು. ಜೋಡಣೆಯ ಮಟ್ಟಿಗೆ ಹದಿನೆಂಟನೆಯ ವಿಧವನ್ನು ಯಾವ ದೇಶದ ನೇಕಾರನೂ ನೇಯಲಾರನು. ಒಂದೇ ಸಾಲಿನಲ್ಲಿ ಓಡುವ ಸೆರಗಂಚಿನ ನಮೂನೆಯಾದರೆ ಇನ್ನೂ ಕಡಿಮೆ, 7 ವಿಧ ಮಾತ್ರ. ಮುಂದಿನ ಸಲ ಅಂಗಡಿಯವನು ಹೊಸ ಡಿಸೈನೆಂದು ಹೇಳಿ ಬೆಲೆಯೇರಿಸಿದಾಗ ಇದನ್ನು ನೆನೆಯಬಹುದು. ಬೆಲೆ ಇಳಿದೀತೆಂದು ನಾವು ಭರವಸೆ ಕೊಡಲಾರೆವು.

ಇಲ್ಲಿ ರಂಗೋಲಿಯ ನೆನಪು ಬಾರದವರುಂಟೆ? ಆ ನೆನಪು ಬರಿಯ ಅಭಿಮಾನದ್ದಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿಯವರು, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರೊಡನೆ ಸೇರಿ, 1974ರಲ್ಲಿ ತಮಿಳುನಾಡಿನ ಕೋಲಗಳ ಮೇಲೆ ಗಣಿತದ ಲೇಖನವನ್ನೇ ಪ್ರಕಟಿಸಿದರು. ಸಣ್ಣ ಕೋಲವೊಂದು ಯಾವ ನಿಯಮದಿಂದ ದೊಡ್ಡ ಕೋಲವಾಗಿ ಬೆಳೆಯುತ್ತದೆಂಬುದನ್ನು, ಭಾಷೆಗೆ ವ್ಯಾಕರಣ ಬರೆದಂತೆ, ಬರೆದು ತೋರಿಸಿದರು. ನಮ್ಮ ಅಜ್ಜಿಯರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ಹೇಳುವವರಿದ್ದಾರೆ. ಅಜ್ಜಿಯರಿಗೆ ರಂಗೋಲಿ ತಿಳಿದಿತ್ತು, ಅದೂ ಎಷ್ಟು ಚೆನ್ನಾಗಿ! ಅದರ ವ್ಯಾಕರಣವನ್ನು ಬಿಡಿಸಿ ಹೇಳುವುದು ಬೇರೆ ಕೆಲಸ. ಎರಡನ್ನೂ ಮೆಚ್ಚಲು ಒಂದನ್ನು ಇನ್ನೊಂದೆಂದು ಹೇಳಬೇಕಾಗಿಲ್ಲ.

ಎಶರನ ಉಪಾಯದಲ್ಲಿ ಅತಿ ಸುಲಭವಾದುದನ್ನು ಮಕ್ಕಳು ಒಂದು ಭಾನುವಾರ ಮಾಡಿ ನೋಡಬಹುದು. 5 ಸೆಂಟಿಮೀಟರು ಬದಿಯ ಚೌಕವೊಂದನ್ನು ರಟ್ಟಿನಲ್ಲಿ ಕತ್ತರಿಸಿ. ಎಡಬದಿಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಮನಬಂದಂತೆ ಅಂಕುಡೊಂಕಾಗಿ, ಚೌಕದೊಳಗೇ ಹಾಯುವಂತೆ, ಕತ್ತರಿಸಿಕೊಳ್ಳಿ. ಆ ತುಂಡನ್ನು ತಿರುಗಿಸದೆ ಬಲಕ್ಕೆ ಸರಿಸಿ, ಬಲಬದಿಯ ಹೊರಗೆ ಟೇಪಿನಿಂದ ಅಂಟಿಸಿ. ಹಾಗೆಯೇ ಮೇಲಿನ ಬದಿಯಿಂದ ಕತ್ತರಿಸಿದುದನ್ನು ಕೆಳಗಿನ ಬದಿಗೆ ಅಂಟಿಸಿ. ಈಗ ಕೈಯಲ್ಲಿರುವುದು ವಕ್ರವಾದ ಒಂದು ರಟ್ಟು. ಅದನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆಯೆಳೆದು, ಸರಿಸಿ, ಮತ್ತೆ ಗೆರೆಯೆಳೆಯುತ್ತ ಹೋದರೆ ಸಂದಿಲ್ಲದೆ ಕಾಗದ ತುಂಬುತ್ತದೆ. ಒಂದು ಕಡೆಯಿಂದ ತೆಗೆದುದನ್ನು ಎದುರು ಕಡೆಗೆ ಕೊಟ್ಟೆವಲ್ಲವೆ? ಲೆಕ್ಕ ಅಷ್ಟೇ. ಆ ವಕ್ರ ರಟ್ಟಿನಲ್ಲಿ ಮೀನನ್ನೋ ಮುದುಕನನ್ನೋ ಕಾಣಬೇಕಾದುದು ಕಣ್ಣಿನ ಕೆಲಸ. ಎಶರನು ಈ ಬಗೆಯ 137 ಚಿತ್ರಗಳಿಗೆ ಅಂಕೆ ಹಾಕಿಟ್ಟಿದ್ದನು. 1941 ಮತ್ತು 1942ರಲ್ಲಿ ತನ್ನ ಉಪಯೋಗಕ್ಕೆಂದೇ ಇಡೀ ವಿಷಯದ ಮೇಲೆ ಒಂದು ಶಾಸ್ತ್ರವನ್ನೂ ಬರೆದುಕೊಂಡನು. ಯಾವ ಗಣಿತಜ್ಞನೂ ಹಾಗೆ ಬರೆಯನು. ಆದರೂ ಅದು ಗಣಿತವೇ.

ಆ ಶಾಸ್ತ್ರ ಬರೆದುದು ಯುದ್ಧಕಾಲದಲ್ಲಿ. ಹಾಲೆಂಡು ಆಗ ಜರ್ಮನರ ವಶದಲ್ಲಿತ್ತು. ಎಶರನ ಗುರು ಡ ಮೆಸ್ಕೀಟ ಯೆಹೂದ್ಯನು. 1944ರ ಚಳಿಗಾಲದಲ್ಲಿ ಒಂದು ರಾತ್ರಿ ಅವನನ್ನೂ ಹೆಂಡತಿಯನ್ನೂ ಮಗನನ್ನೂ ಹಿಡಿದೊಯ್ದರು. ಫೆಬ್ರವರಿಯಲ್ಲಿ ಎಶರನು ಗುರುವಿನ ಮನೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ; ನೆಲದ ತುಂಬ ಚಿತ್ರಗಳು ಚೆಲ್ಲಿಹೋಗಿದ್ದವು. ಕೈಗೆ ಸಿಕ್ಕಷ್ಟನ್ನು ಆಯ್ದುಕೊಂಡು ಬಂದು ಕಾಪಾಡಿದನು. ಆ ವೇಳೆಗೆ ಗಂಡಹೆಂಡಿರಿಬ್ಬರನ್ನೂ ಆಶ್‌ವಿಟ್ಸ್ ಶಿಬಿರದಲ್ಲಿ ಕೊಂದಿದ್ದರು, ಮಗನೂ ಹಿಂದಿರುಗಲಿಲ್ಲ. ಆಯ್ದ ಹಾಳೆಗಳಲ್ಲಿ ಒಂದರ ಮೇಲೆ ಸಿಪಾಯಿಯ ಮೊಳೆ ಬೂಟಿನ ಅಚ್ಚು ಬಿದ್ದಿತ್ತು. ಎಶರನು ಆ ಹಾಳೆಯನ್ನು ತನ್ನ ಬಳಿಯೇ ಇಟ್ಟುಕೊಂಡನು. ಈತನ ಚಿತ್ರಗಳಲ್ಲಿ ಬುದ್ಧಿಯಿದೆ, ಹೃದಯವಿಲ್ಲ ಎನ್ನುವ ವಿಮರ್ಶಕರು ಉಂಟು. ನಮಗೆ ಹಾಗೆ ತೋರದು.

ಇನ್ನು ರಟ್ಟಿನ ಮೀನಿಗೆ ಹಿಂದಿರುಗೋಣ. ಅದನ್ನು ಮಾಡಿ ನೋಡಿದ ಮಕ್ಕಳಿಗೆ ಒಂದು ತೊಡಕು ಕಂಡೇ ಕಾಣುತ್ತದೆ. ಹಾಳೆಯ ಅಂಚಿಗೆ ಬಂದಾಗ ಮೀನು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಎಶರನನ್ನು ಬಹುಕಾಲ ಕಾಡಿದುದೂ ಇದೇ. ಕೊನೆಯಿಲ್ಲದ ನಮೂನೆಯನ್ನು ಕೊನೆಯಿರುವ ಕಾಗದದಲ್ಲಿ ಪೂರ್ತಿಯಾಗಿ ತೋರಿಸುವುದು ಹೇಗೆ? ನಡುವಿಗೆ ಹೋದಂತೆ ಕಿರಿದಾಗುವ ಹಲ್ಲಿಗಳನ್ನು 1956ರಲ್ಲಿ ಕೆತ್ತಿದನು. ಹೊರಗಿನ ಅಂಚಿನ ತೊಡಕು ಹಾಗೆಯೇ ಉಳಿಯಿತು.

ಉತ್ತರ ಬಂದುದು ಅಂಚೆಯಲ್ಲಿ. 1954ರಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆಯಿತು. ಅದರ ಸಂದರ್ಭದಲ್ಲಿ ಎಶರನ ಚಿತ್ರಗಳ ಪ್ರದರ್ಶನವನ್ನೂ ಏರ್ಪಡಿಸಿದ್ದರು. ಅಲ್ಲಿ ಪರಿಚಯವಾದವನು ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯದ ಕಾಕ್ಸಿಟರ್. (ಅದೇ ಪ್ರದರ್ಶನವನ್ನು ನೋಡಿದ ಇನ್ನೊಬ್ಬ ತರುಣ ಪೆನ್‌ರೋಸ್. ಅವನೂ ಅವನ ತಂದೆಯೂ ಕೂಡಿ 1958ರಲ್ಲಿ ಪ್ರಕಟಿಸಿದ ಕೊನೆಯಿಲ್ಲದ ಮೆಟ್ಟಿಲಿನಿಂದ ಎಶರನ ಇನ್ನೊಂದು ಪ್ರಸಿದ್ಧ ಚಿತ್ರ ಹುಟ್ಟಿತು. ಅದನ್ನು ಹೇಳಹೊರಟರೆ ಈ ಸಂಚಿಕೆ ಸಾಲದು.) ಕಾಕ್ಸಿಟರನು ತನ್ನ ಭಾಷಣವೊಂದರ ಅಚ್ಚುಪ್ರತಿಯನ್ನು 1958ರಲ್ಲಿ ಎಶರನಿಗೆ ಕಳುಹಿಸಿದನು. ಅದರಲ್ಲೊಂದು ಚಿತ್ರ: ಒಂದು ವೃತ್ತ, ಅದರ ತುಂಬ ವಕ್ರರೇಖೆಗಳ ತ್ರಿಕೋಣಗಳು, ನಡುವೆ ದೊಡ್ಡವು, ಅಂಚಿಗೆ ಹೋದಂತೆ ಸಣ್ಣವು, ಇನ್ನೂ ಸಣ್ಣವು. ಇದು ನಾವು ಶಾಲೆಯಲ್ಲಿ ಕಲಿತ ರೇಖಾಗಣಿತವಲ್ಲ. ಈ ವೃತ್ತವೇ ಒಂದು ಲೋಕವೆಂದು ತಿಳಿಯಿರಿ. ಅದರೊಳಗೆ ಅಂಚಿನತ್ತ ನಡೆದವನು ಕಿರಿದಾಗುತ್ತ ಹೋಗುತ್ತಾನೆ. ಅವನ ಹೆಜ್ಜೆಯೂ, ಅವನ ಕೈಯಲ್ಲಿರುವ ಅಳತೆಗೋಲೂ ಕಿರಿದಾಗುತ್ತವೆ. ಆದುದರಿಂದ ತಾನು ಕಿರಿದಾದೆನೆಂಬುದು ಅವನಿಗೆ ತಿಳಿಯುವುದಿಲ್ಲ, ಎಷ್ಟು ನಡೆದರೂ ಅಂಚು ಸಿಗುವುದಿಲ್ಲ. ಹೊರಗಿನಿಂದ ನೋಡುವ ನಮಗೆ ಅಂಗೈಯಗಲದ ವೃತ್ತ. ಒಳಗಿನವರಿಗೆ ಅನಂತವಾದ ಬಯಲು.

ಆ ಭಾಷಣದ ಲೆಕ್ಕದಲ್ಲಿ ಎಶರನಿಗೆ ಏನೂ ತಿಳಿಯಲಿಲ್ಲ. ಚಿತ್ರವನ್ನು ಮುಂದಿಟ್ಟುಕೊಂಡು, ಕೈವಾರ ಹಿಡಿದು, ಅದನ್ನು ಬರೆದವರು ಹೇಗೆ ಬರೆದಿರಬೇಕೆಂದು ತಾನೇ ಬಿಡಿಸಿಕೊಂಡನು. ಆ ಕೆಲಸಕ್ಕೆ 'ಕಾಕ್ಸಿಟರ್ ಮಾಡುವುದು' ಎಂದೇ ಹೆಸರಿಟ್ಟನು. 1958ರಿಂದ 1960ರವರೆಗೆ ನಾಲ್ಕು ವೃತ್ತಗಳನ್ನು ಕೆತ್ತಿದನು. ಮೂರನೆಯದು, 1959ರ ಡಿಸೆಂಬರಿನದು, ಎಲ್ಲಕ್ಕೂ ಮಿಗಿಲು. 41.5 ಸೆಂಟಿಮೀಟರು ವ್ಯಾಸದ ವೃತ್ತದೊಳಗೆ ನಾಲ್ಕು ಬಣ್ಣದ ಮೀನುಗಳು ಬಿಳಿಯ ಬಾಗುರೇಖೆಗಳನ್ನು ಬೆನ್ನೆಲುಬಾಗಿ ಮಾಡಿಕೊಂಡು ಸಾಲುಸಾಲಾಗಿ ಈಜುತ್ತಿವೆ. ಅಂಚಿನ ಬಳಿ ಅವು ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ. ಅರ್ಧಕ್ಕೆ ಕತ್ತರಿಸಿದ ಮೀನು ಒಂದೂ ಇಲ್ಲ.

ಈ ಚಿತ್ರದ ಪ್ರತಿಯನ್ನು ಕಂಡು ಕಾಕ್ಸಿಟರನು ಮೂರು ಪುಟಗಳ ಕಾಗದ ಬರೆದು, ಎಶರನು ಮಾಡಿದುದು ನಿಜವಾಗಿ ಏನೆಂಬುದನ್ನು ವಿವರಿಸಿದನು. ತನಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲವೆಂದು ಎಶರನು ಕೆನಡದಲ್ಲಿದ್ದ ಮಗನಿಗೆ ಬರೆದು ಪೇಚಾಡಿಕೊಂಡನು. ಆದರೆ ಮುಖ್ಯವಾದ ಮಾತು ಮುಂದಿದೆ. ಆ ಬಿಳಿಯ ರೇಖೆಗಳು ವೃತ್ತವನ್ನು ಮುಟ್ಟುವಲ್ಲಿ 90 ಡಿಗ್ರಿಯ ಕೋನವಾಗಬೇಕೆಂದು ಶಾಸ್ತ್ರ ಬಲ್ಲವರು ನಿರೀಕ್ಷಿಸುವರು. ಎಶರನ ರೇಖೆಗಳಲ್ಲಿ ಅದು ಸುಮಾರು 80 ಡಿಗ್ರಿ. ಕಾಕ್ಸಿಟರನು ಕುಳಿತು ಲೆಕ್ಕ ಹಾಕಿ, ಮೀನುಗಳ ಆ ಜೋಡಣೆಗೆ ಬರಬೇಕಾದ ಕೋನ ಸುಮಾರು 80 ಡಿಗ್ರಿಯೇ, ಎಶರನ ಕೈ ಒಂದು ಮಿಲಿಮೀಟರಿನಷ್ಟೂ ತಪ್ಪಿಲ್ಲ ಎಂದು 1979ರಲ್ಲಿ ಪ್ರಕಟಿಸಿದನು. ಲೆಕ್ಕದಿಂದ ಬರಬೇಕಾದ ಉತ್ತರವನ್ನು ಕಣ್ಣೂ ಉಳಿಯೂ ಇಪ್ಪತ್ತು ವರ್ಷ ಮೊದಲೇ ಕೊಟ್ಟಿದ್ದವು. ಅದನ್ನು ಓದಲು ಎಶರನಿರಲಿಲ್ಲ. 1972ರ ಮಾರ್ಚಿನಲ್ಲಿ ತೀರಿಕೊಂಡಿದ್ದನು.

ಇದನ್ನು ನವ್ಯಕಲೆ ಎನ್ನಬಹುದೆ ಎಂಬ ತಕರಾರು ಹಳೆಯದು. ಎಶರನ ಚಿತ್ರಗಳನ್ನು ಗಣಿತಜ್ಞರು ಮನೆಯಲ್ಲಿ ತೂಗುಹಾಕಿಕೊಂಡ ಕಾಲಕ್ಕೂ ಕಲಾವಿಮರ್ಶಕರು ಈತನನ್ನು ಹೊಸ್ತಿಲಾಚೆಗೇ ಇಟ್ಟಿದ್ದರು. ಅವನ ದೇಶದಲ್ಲಿ ಸಮಗ್ರ ಪ್ರದರ್ಶನ ನಡೆದುದು ಎಪ್ಪತ್ತು ತುಂಬಿದ ಮೇಲೆ, 1968ರಲ್ಲಿ, ಹೇಗ್ ನಗರದಲ್ಲಿ. ಅದೇ ದೇಶದ ಮೊಂಡ್ರಿಯನ್ ಎಂಬಾತನು ನೆಟ್ಟ ಗೆರೆ, ಚೌಕಗಳನ್ನೇ ಬರೆದು ನವ್ಯಕಲೆಯ ಪಿತಾಮಹರಲ್ಲೊಬ್ಬನೆನಿಸಿದನು. ನೋಡಿದವರು ಅದನ್ನೇ ಗಣಿತವೆನ್ನುವರು. ಆದರೆ ಅವನು ಗೆರೆಗಳನ್ನು ಇರಿಸುತ್ತಿದ್ದುದು ಲೆಕ್ಕದಿಂದಲ್ಲ, ಕಣ್ಣಿನ ಅಂದಾಜಿನಿಂದ. ಬಣ್ಣದ ಟೇಪುಗಳಿಂದ ಅವನು 1941ರಲ್ಲಿ ಮಾಡಿದ ಚಿತ್ರವೊಂದು ದಶಕಗಳಿಂದ ತಲೆಕೆಳಗಾಗಿ ತೂಗುತ್ತಿರಬೇಕೆಂದು ಜರ್ಮನಿಯ ಕಲಾಶಾಲೆಯವರೇ 2022ರಲ್ಲಿ ತಿಳಿಸಿದರು. ತಿರುಗಿಸಿದರೆ ಹಳೆಯ ಟೇಪು ಕಳಚೀತೆಂಬ ಭಯದಿಂದ ಹಾಗೆಯೇ ಬಿಟ್ಟರು! ಎಶರನ ಮೀನುಗಳನ್ನಾದರೋ ಹೇಗೆ ತಿರುಗಿಸಿ ತೂಗುಹಾಕಿದರೂ ಅವು ಈಜುತ್ತಲೇ ಇರುತ್ತವೆ.

ಈಗ ಗೃಹಿಣಿಯ ವಿಷಯ. ಸಮಭುಜ ತ್ರಿಕೋಣದ ಕೋನ 60 ಡಿಗ್ರಿ, ಚೌಕದ್ದು 90, ಸಮಷಟ್ಕೋಣದ್ದು 120. ಮೂರೂ 360ನ್ನು ಶೇಷವಿಲ್ಲದೆ ಭಾಗಿಸುತ್ತವೆ. ಆದುದರಿಂದ ಅವುಗಳ ಬಿಲ್ಲೆಗಳನ್ನು ಸಂದಿಲ್ಲದೆ ಹಾಸಬಹುದು. ಸಮಪಂಚಕೋಣದ್ದು 108, ಮೂರು ಕೂಡಿದರೆ ಸಂದು ಉಳಿಯುತ್ತದೆ, ನಾಲ್ಕನೆಯದು ಹಿಡಿಸುವುದಿಲ್ಲ. ಆದರೆ ಬದಿಗಳನ್ನೂ ಕೋನಗಳನ್ನೂ ಹೆಚ್ಚುಕಡಿಮೆ ಮಾಡಿದ ಕೆಲವು ಪಂಚಕೋಣಗಳನ್ನು ಹಾಸಬಹುದು. ಒಳಕ್ಕೆ ಬಾಗದ ಅಂತಹ ಪಂಚಕೋಣಗಳು 8 ವಿಧ, ಪಟ್ಟಿ ಮುಗಿಯಿತು ಎಂದು 1968ರಲ್ಲಿ ಒಬ್ಬ ಗಣಿತಜ್ಞನು ಸಾರಿದನು. 1975ರ ಜುಲೈಯಲ್ಲಿ ಮಾರ್ಟಿನ್ ಗಾರ್ಡ್ನರ್ ಎಂಬ ಬರಹಗಾರ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತನ್ನ ಅಂಕಣದಲ್ಲಿ ಇದನ್ನು ಬರೆದನು. ವರ್ಷ ಮುಗಿಯುವುದರೊಳಗೆ ಓದುಗನೊಬ್ಬನು ಒಂಬತ್ತನೆಯ ವಿಧವನ್ನು ಕಳುಹಿಸಿಕೊಟ್ಟನು.

ಆ ಪತ್ರಿಕೆ ಸಾನ್ ಡಿಯೆಗೊ ನಗರದ ಮಾರ್ಜೊರಿ ರೈಸ್ ಎಂಬಾಕೆಯ ಮನೆಗೂ ಬರುತ್ತಿತ್ತು, ತರಿಸುತ್ತಿದ್ದುದು ಮಗನಿಗಾಗಿ. ಮಗ ಶಾಲೆಗೆ ಹೋದಾಗ ತಾಯಿ ಓದುತ್ತಿದ್ದಳು. ಐದು ಮಕ್ಕಳ ತಾಯಿ, ವಯಸ್ಸು ಐವತ್ತು ದಾಟಿತ್ತು, ಗಣಿತವನ್ನು ಕಲಿತುದು ಪ್ರೌಢಶಾಲೆಯಲ್ಲಿ ಒಂದೇ ಒಂದು ವರ್ಷ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ಪಂಚಕೋಣಗಳನ್ನು ಬರೆಯತೊಡಗಿದಳು. ಯಾರಾದರೂ ಒಳಗೆ ಬಂದರೆ ತಟ್ಟನೆ ಮುಚ್ಚಿಬಿಡುತ್ತಿದ್ದಳು. ಇದೇನೆಂದು ಕೇಳಿದರೆ ವಿವರಿಸುವವರಾರು? ಶಾಸ್ತ್ರದ ಸಂಕೇತಗಳು ತಿಳಿಯದಾದುದರಿಂದ ತನ್ನವೇ ಸಂಕೇತಗಳನ್ನು ಕಲ್ಪಿಸಿಕೊಂಡಳು. 1976ರಿಂದ 1977ರ ಕೊನೆಯೊಳಗೆ ನಾಲ್ಕು ಹೊಸ ವಿಧಗಳನ್ನು ಕಂಡುಹಿಡಿದಳು. ಗಾರ್ಡ್ನರನು ಆಕೆಯ ಕಾಗದಗಳನ್ನು ಡಾರಿಸ್ ಷಾಟ್‌ಶ್ನೈಡರ್ ಎಂಬ ಗಣಿತಜ್ಞೆಗೆ ಕಳುಹಿಸಿದನು. ಮೊದಲು ಅವು ಆಕೆಗೆ ಅರ್ಥವಾಗದ ಲಿಪಿಯಂತೆ ತೋರಿದವು; ಬಿಡಿಸಿ ನೋಡಿದಾಗ ಎಲ್ಲವೂ ಸರಿಯಾಗಿತ್ತು. ಎಶರನ ಟಿಪ್ಪಣಿ ಪುಸ್ತಕಗಳನ್ನು ಶೋಧಿಸಿ 1990ರಲ್ಲಿ ಗ್ರಂಥವನ್ನು ಪ್ರಕಟಿಸಿದವಳೂ ಇದೇ ಷಾಟ್‌ಶ್ನೈಡರ್.

ಮಾರ್ಜೊರಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ತಾನು ಕಂಡ ಪಂಚಕೋಣಗಳ ಜಾಲದ ಮೇಲೆ ಎಶರನ ಬಗೆಯಲ್ಲಿಯೇ ಜೇನುಹುಳು, ಚಿಟ್ಟೆ, ಹೂಗಳನ್ನು ಬರೆದಳು. 1995ರಲ್ಲಿ ಲಾಸ್ ಏಂಜಲೀಸಿನ ಗಣಿತಜ್ಞರ ಸಭೆಗೆ ಷಾಟ್‌ಶ್ನೈಡರ್ ಕರೆದಾಗ, ಭಾಷಣ ಒಲ್ಲೆನೆಂದು ಗಂಡನೊಡನೆ ಬಂದು ಸುಮ್ಮನೆ ಕುಳಿತಿದ್ದಳು. ಪರಿಚಯ ಹೇಳಿದಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. 1999ರಲ್ಲಿ ವಾಷಿಂಗ್ಟನ್ನಿನಲ್ಲಿ ಗಣಿತ ಸಂಘವೊಂದರ ಕಾರ್ಯಾಲಯದ ಬಾಗಿಲೊಳಗೆ ಆಕೆಯ ನಮೂನೆಯನ್ನೇ ನೆಲಕ್ಕೆ ಹಾಸಿದರು. ಆಕೆ 2017ರ ಜುಲೈಯಲ್ಲಿ ತೀರಿಕೊಂಡಳು. ಪಂಚಕೋಣಗಳ ವಿಧ ಒಟ್ಟು 15, ಅದಕ್ಕೆ ಹೆಚ್ಚಿಲ್ಲವೆಂದು ಫ್ರಾನ್ಸಿನ ರಾವೊ ಎಂಬಾತನು ಕಂಪ್ಯೂಟರಿನ ಸಹಾಯದಿಂದ ಸಾಧಿಸಿದುದೂ ಅದೇ ವರ್ಷ.

ಹದಿನೈದರಲ್ಲಿ ಅತಿ ಸುಲಭವಾದ ಒಂದನ್ನು ಎಲ್ಲ ಮಕ್ಕಳೂ ಬಲ್ಲರು: ಚೌಕದ ಮೇಲೆ ತ್ರಿಕೋಣದ ಮಾಡನ್ನಿಟ್ಟ ಮನೆಯ ಚಿತ್ರ. ಅಂತಹ ಮನೆಗಳನ್ನು ಒಂದಕ್ಕೊಂದು ತಾಗುವಂತೆ ಸಾಲಾಗಿ ಬರೆಯಿರಿ. ಮಾಡುಗಳ ನಡುವಣ ಹಳ್ಳಗಳಲ್ಲಿ ತಲೆಕೆಳಗಾದ ಮನೆಗಳ ಇನ್ನೊಂದು ಸಾಲು ಸರಿಯಾಗಿ ಕೂರುತ್ತದೆ. ಮುಂದೆ ಹೇಗೆ ತುಂಬುವುದೆಂಬುದನ್ನು ನಾವು ಹೇಳುವುದಿಲ್ಲ. ಮನೆಗಳ ಬದಲು ಬೇರೇನನ್ನಾದರೂ ಕಂಡು, ಬಣ್ಣ ತುಂಬಿ, ಮುಂದಿನ ಸಂಚಿಕೆಯೊಳಗೆ ಸಂಘದ ವಿಳಾಸಕ್ಕೆ ಕಳುಹಿಸಿದರೆ ನಮಗೆ ಸಂತೋಷ. ಹೆಸರು, ತರಗತಿ, ಊರನ್ನು ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ತರಗತಿ ದಾಟಿದ ತಾಯಂದಿರ ಹಾಳೆಗಳನ್ನೂ ತೆಗೆದುಕೊಳ್ಳುತ್ತೇವೆ.